ಕೀಳುತ್ತಿದ್ದ ಗರಿಕೆಯನ್ನೇ ನೆಟ್ಟೆ: ಒಂದು ಹುಲ್ಲುಹಾಸಿನ ದುರಸ್ತಿ ದಿನಚರಿ

ಮನೆಯ ಮುಂದಿನ ಈ ಜಾಗ 30 ಅಡಿ ಉದ್ದ, 20 ಅಡಿ ಅಗಲ. ಇಲ್ಲಿ ಈಗಾಗಲೇ ಎರಡು ಹುಲ್ಲುಹಾಸುಗಳು ಸತ್ತಿವೆ. ಎರಡನ್ನೂ ಕೊಂದವನು ನಾನೇ. ಮೂರನೆಯದಕ್ಕೆ ಕೈ ಹಾಕುವ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಮಾಡಿದ್ದನ್ನೆಲ್ಲ, ಕೆಡಿಸಿದ್ದನ್ನೂ ಸೇರಿಸಿ, ಅದರಲ್ಲಿ ಬರೆಯುತ್ತಾ ಹೋದೆ. ಅದನ್ನೇ ಸ್ವಲ್ಪ ತಿದ್ದಿ ಇಲ್ಲಿ ಕೊಡುತ್ತಿದ್ದೇನೆ.

ಹಳೆಯ ಕಥೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಮೊದಲ ಸಲ ಬೀಜದ ಪೊಟ್ಟಣದ ಮೇಲಿದ್ದ ಚಿತ್ರಕ್ಕೆ ಮರುಳಾದೆ. ಒಳಗಿದ್ದದ್ದು ರೈ ಹುಲ್ಲು ಮತ್ತು ಬ್ಲೂಗ್ರಾಸ್ ಬೀಜಗಳ ಮಿಶ್ರಣ. ತಂಪಿನ ತಿಂಗಳಲ್ಲಿ ಬಿತ್ತಿದೆ, ಒಂದೇ ವಾರದಲ್ಲಿ ಮೊಳಕೆ ಬಂತು, ರೈ ಹುಲ್ಲಿನ ಗುಣವೇ ಅದು. ಎರಡು ತಿಂಗಳು ಅಂಗಳ ಪಚ್ಚೆಯ ಹಾಗೆ ಇತ್ತು. ಬೇಸಿಗೆಯಲ್ಲಿ ಬಿಸಿಲು 35 ಡಿಗ್ರಿ ದಾಟಿದ ಮೇಲೆ ಎಷ್ಟು ನೀರು ಹಾಕಿದರೂ ಒಣಹುಲ್ಲಾಯಿತು. ಆಮೇಲೆ ತಿಳಿದದ್ದು ಇಷ್ಟು: ಹುಲ್ಲುಗಳಲ್ಲಿ ಎರಡು ಕುಲ. ರೈ, ಫೆಸ್ಕ್ಯೂ, ಬ್ಲೂಗ್ರಾಸ್ ಚಳಿಯ ಕುಲದವು, 15ರಿಂದ 24 ಡಿಗ್ರಿಯಲ್ಲಿ ಹುಲುಸಾಗಿ ಬೆಳೆಯುತ್ತವೆ. ಗರಿಕೆ, ಜೋಯ್ಸಿಯಾ, ಪಾಸ್ಪಲಮ್ ಬಿಸಿಲಿನ ಕುಲದವು, 27ರಿಂದ 35 ಡಿಗ್ರಿಯಲ್ಲಿ ಮೈದುಂಬುತ್ತವೆ, ಚಳಿಯಲ್ಲಿ ಕಂದುಬಣ್ಣಕ್ಕೆ ತಿರುಗಿ ಮಲಗುತ್ತವೆ. ಹಿಮ ಬೀಳುವ ಕಡೆ ಇರುವವರು ಮುಂದೆ ನಾನು ಬರೆಯುವ ಹುಲ್ಲಿನ ಹೆಸರನ್ನು ಬಿಟ್ಟು ಮಣ್ಣಿನ ಕೆಲಸವನ್ನಷ್ಟೇ ಇಟ್ಟುಕೊಳ್ಳಬಹುದು.

ಎರಡನೆಯ ಸಲ ಜಾಣನಾದೆ ಎಂದುಕೊಂಡು ಜೋಯ್ಸಿಯಾ ಹುಲ್ಲಿನ ಹಾಳೆಗಳನ್ನು ತರಿಸಿದೆ. ನೆಲವನ್ನು ಕುಂಟೆಯಿಂದ ಕೆರೆದು, ಮೇಲೆ ಚಾಪೆ ಹಾಸಿದ ಹಾಗೆ ಹಾಸಿದೆ. ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಅಲ್ಲಲ್ಲಿ ಹಳದಿ. ಹಳದಿ ಎಂದರೆ ಸಾರಜನಕದ ಕೊರತೆ ಎಂದು ತೀರ್ಮಾನಿಸಿ 2 ಕೆಜಿ ಯೂರಿಯಾವನ್ನು ಕೈಯಿಂದ ಎರಚಿದೆ. ನನ್ನ ಕೈ ಬೀಸಿದ ದಾರಿಯುದ್ದಕ್ಕೂ ಸುಟ್ಟ ಪಟ್ಟೆಗಳು ಎದ್ದವು. ಈಗ ಲೆಕ್ಕ ಹಾಕಿ ನೋಡಿದರೆ ಬೇಕಾದುದರ ಮೂರು ಪಟ್ಟು ಹಾಕಿದ್ದೆ.

ಮೊದಲ ವಾರ: ಶವಪರೀಕ್ಷೆ

ಹಳದಿಯಾದ ಒಂದು ಹಾಳೆಯ ಅಂಚು ಹಿಡಿದು ಎಳೆದೆ. ಚಾಪೆ ಸುರುಳಿ ಸುತ್ತಿದ ಹಾಗೆ ಪೂರ್ತಿ ಎದ್ದು ಬಂತು. ಹೀಗೆ ಏಳುವುದಕ್ಕೆ ಎರಡು ಕಾರಣಗಳಿರಬಹುದು: ಗೊಣ್ಣೆ ಹುಳು ಬೇರನ್ನು ತಿಂದಿರಬೇಕು, ಇಲ್ಲವೇ ಬೇರು ಕೆಳಗೆ ಇಳಿದೇ ಇರಲಿಕ್ಕಿಲ್ಲ. ಒಂದು ಚದರ ಅಡಿ ಜಾಗದಲ್ಲಿ ಮೂರು ಅಂಗುಲ ಆಳದವರೆಗೆ ಮಣ್ಣು ಕೆದಕಿ ಹುಡುಕಿದೆ. ಬಿಳಿಯ ಮೈ, ಕಂದು ತಲೆ, ಮುದುರಿಕೊಂಡು ಮಲಗಿದ ಹುಳುಗಳು ಸಿಕ್ಕಿದ್ದು ಎರಡು. ಅಷ್ಟು ಹುಳುಗಳನ್ನು ಆರೋಗ್ಯವಂತ ಹುಲ್ಲು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಚದರ ಅಡಿಗೆ ಐದೋ ಹತ್ತೋ ಇದ್ದರೆ ಚಿಂತೆ. ಔಷಧ ತರುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಹಾಳೆಯನ್ನು ತಿರುಗಿಸಿ ಹಿಡಿದಾಗ ಕಾಯಿಲೆ ಕಣ್ಣಿಗೆ ಬಿತ್ತು. ಹಾಳೆಯ ಜೊತೆ ಬಂದಿದ್ದ ಒಂದು ಅಂಗುಲ ದಪ್ಪದ ನುಣುಪಾದ ಮಣ್ಣು ಹಾಗೆಯೇ ಇತ್ತು. ಬೇರುಗಳು ಅದರ ತಳದವರೆಗೆ ನೇರವಾಗಿ ಬಂದು, ಅಲ್ಲಿ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ಅಡ್ಡಕ್ಕೆ ತಿರುಗಿ, ಒಂದರ ಮೇಲೊಂದು ಹೆಣೆದುಕೊಂಡಿದ್ದವು. ತೊಳೆದು ನೋಡಿದರೆ ಬಿಳಿ ದಾರದ ಬಲೆ. ಈ ಹುಲ್ಲು ಒಂದು ವರ್ಷ ನೆಲದ ಮೇಲೆ ಬಾಡಿಗೆಗೆ ಇತ್ತೇ ಹೊರತು ನೆಲದೊಳಗೆ ಕಾಲಿಟ್ಟಿರಲಿಲ್ಲ.

ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ನೆಲಕ್ಕೆ ಚುಚ್ಚಿದೆ. ಹಿಂದಿನ ದಿನ ನೀರು ಹಾಯಿಸಿದ್ದರೂ ಎರಡು ಅಂಗುಲಕ್ಕೆ ನಿಂತಿತು. ಆರು ಅಂಗುಲವಾದರೂ ಸಲೀಸಾಗಿ ಇಳಿಯಬೇಕು. ಹಾರೆ ತಂದು ಒಂದು ಗುಂಡಿ ತೋಡಿದೆ. ಮೂರು ಅಂಗುಲದ ಕೆಳಗೆ ಇಟ್ಟಿಗೆಯ ಚೂರು, ಗಾರೆಯ ಹೆಂಟೆ, ತುಕ್ಕು ಹಿಡಿದ ಮೊಳೆ, ಗಟ್ಟಿಯಾಗಿ ನಿಂತ ಒಂದು ಸಿಮೆಂಟ್ ಚೀಲ. ಮನೆ ಕಟ್ಟಿದವರು ಉಳಿದದ್ದನ್ನೆಲ್ಲ ಇಲ್ಲೇ ಸಮಾಧಿ ಮಾಡಿ ಮೇಲೆ ಒಂದಿಷ್ಟು ಮಣ್ಣು ಎಳೆದಿದ್ದರು. ನಾನು ಅದರ ಮೇಲೆ ಹಾಳೆ ಹಾಸಿ ಹೂಳುವ ಕೆಲಸವನ್ನು ಪೂರ್ಣಗೊಳಿಸಿದ್ದೆ.

ಮಣ್ಣಿನ ಸ್ವಭಾವ ನೋಡಲು ಗಾಜಿನ ಭರಣಿಯ ಪರೀಕ್ಷೆ ಮಾಡಿದೆ. ಭರಣಿಗೆ ಅರ್ಧ ಮಣ್ಣು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ, ಕುತ್ತಿಗೆಯವರೆಗೆ ನೀರು. ಐದು ನಿಮಿಷ ಚೆನ್ನಾಗಿ ಕುಲುಕಿ ಅಲುಗಾಡಿಸದೆ ಇಡಬೇಕು. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ, ರೇವೆ, ಅಂದರೆ ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ ಕಣಗಳ ಮಣ್ಣು, ಎರಡು ಗಂಟೆಗಳಲ್ಲಿ, ಜೇಡಿ ಮಾತ್ರ ಒಂದೆರಡು ದಿನ ತೇಲಾಡುತ್ತಾ ಇಳಿಯುತ್ತದೆ. ಪ್ರತಿ ಹಂತದಲ್ಲೂ ಭರಣಿಯ ಮೇಲೆ ಪೆನ್ನಿನಿಂದ ಗೆರೆ ಹಾಕಿದೆ. ಕೊನೆಯಲ್ಲಿ ಅಳೆದಾಗ ಮರಳು 35 ಪಾಲು, ರೇವೆ 20, ಜೇಡಿ 45. ಅಪ್ಪಟ ಜೇಡಿಮಣ್ಣು.

ನೀರು ಇಂಗುವ ವೇಗಕ್ಕೆ ತಳ ಕತ್ತರಿಸಿದ ಡಬ್ಬವೇ ಸಾಕು. ಅದನ್ನು ನೆಲಕ್ಕೆ ಎರಡು ಅಂಗುಲ ಬಡಿದು, ಒಂದು ಸಲ ನೀರು ತುಂಬಿ ನೆಲ ನೆನೆಯಲು ಬಿಟ್ಟು, ಎರಡನೆಯ ಸಲ ಒಂದು ಅಂಗುಲ ನೀರು ಹಾಕಿ ಗಡಿಯಾರ ನೋಡಬೇಕು. ಐದು ಗಂಟೆ ಹಿಡಿಯಿತು. ಅಂದರೆ ಗಂಟೆಗೆ 5 ಮಿಲಿಮೀಟರ್. ನಾನು ಇಷ್ಟು ದಿನ ಬಿಟ್ಟ ನೀರಿನಲ್ಲಿ ಬಹುಪಾಲು ಚರಂಡಿಗೆ ಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಳದಿಗೂ ಉತ್ತರ ಸಿಕ್ಕಿತು. ಪ್ರಯೋಗಾಲಯದಿಂದ ಬಂದ ವರದಿಯಲ್ಲಿ ಮಣ್ಣಿನ ರಸಸಾರ, ಅಂದರೆ ಪಿಎಚ್, 8.3 ಎಂದಿತ್ತು. ಹುಲ್ಲಿಗೆ 6ರಿಂದ 7 ಹಿತ. ಗಾರೆ, ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರ ಮಾಡುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಎಟಕುವುದಿಲ್ಲ. ಸಾರಜನಕ ಸಾಲದಿದ್ದರೆ ಹಳೆಯ ಎಲೆ ಮೊದಲು, ಪೂರ್ತಿಯಾಗಿ ಹಳದಿಯಾಗುತ್ತದೆ. ಕಬ್ಬಿಣ ಸಾಲದಿದ್ದರೆ ಹೊಸ ಎಲೆ ಮೊದಲು ಬಿಳಿಚಿಕೊಳ್ಳುತ್ತದೆ, ನರಗಳು ಹಸಿರಾಗಿಯೇ ಉಳಿದು ನಡುವೆ ಹಳದಿ ಗೆರೆಗಳು ಮೂಡುತ್ತವೆ. ಭೂತಗನ್ನಡಿ ಹಿಡಿದು ನೋಡಿದೆ: ಗೆರೆ ಗೆರೆಯಾಗಿ ಕಾಣಿಸಿತು. ಯೂರಿಯಾ ಹಾಕುವ ಮೊದಲು ಅರ್ಧ ನಿಮಿಷ ಬಗ್ಗಿ ನೋಡಿದ್ದರೆ ಸಾಕಿತ್ತು.

ಎರಡನೆಯ ವಾರ: ಬಿಸಿಲಿನ ನಕ್ಷೆ, ಅಮ್ಮನ ಪ್ರಶ್ನೆ

ಬೆಳಗ್ಗೆ 8ರಿಂದ ಸಂಜೆ 5ರವರೆಗೆ ಪ್ರತಿ ಗಂಟೆಗೂ ನೆರಳಿನ ಅಂಚಿನಲ್ಲಿ ಸುಣ್ಣದ ಗೆರೆ ಎಳೆದೆ. ಸಂಜೆಯ ಹೊತ್ತಿಗೆ ಅಂಗಳ ಮಗುವಿನ ಪಾಟಿಯ ಹಾಗೆ ಗೀಚಿಹೋಗಿತ್ತು. ಗೆರೆಗಳನ್ನು ಎಣಿಸಿದರೆ ಮೂರು ಭಾಗ ಸ್ಪಷ್ಟ: 400 ಚದರ ಅಡಿಗೆ ಏಳು ಗಂಟೆಗೂ ಹೆಚ್ಚು ನೇರ ಬಿಸಿಲು, ಗೋಡೆಯ ಪಕ್ಕದ 110 ಚದರ ಅಡಿಗೆ ನಾಲ್ಕೈದು ಗಂಟೆ, ಮರದ ಕೆಳಗಿನ 90 ಚದರ ಅಡಿಗೆ ಮೂರು ಗಂಟೆಯೂ ಇಲ್ಲ. ಇದು ಒಂದು ದಿನದ ಲೆಕ್ಕ. ಸೂರ್ಯನ ದಾರಿ ಋತುವಿನಿಂದ ಋತುವಿಗೆ ಓರೆಯಾಗುತ್ತದೆ, ಹಾಗಾಗಿ ಗಡಿಯಲ್ಲಿರುವ ಜಾಗವನ್ನು ನೆರಳಿನ ಲೆಕ್ಕಕ್ಕೇ ಸೇರಿಸಿದೆ.

ಇದೇ ವಾರ ಕಾಲುದಾರಿಯ ಕಲ್ಲುಗಳ ಸಂದಿಯಿಂದ ಗರಿಕೆ ಕೀಳುತ್ತಾ ಕುಳಿತಿದ್ದೆ. ಎರಡು ವರ್ಷಗಳಿಂದ ಪ್ರತಿ ಭಾನುವಾರ ಇದೇ ಕೆಲಸ. ಅಮ್ಮ ಜಗುಲಿಯಿಂದ ಕೇಳಿದರು: “ಅದನ್ನು ಏಕಪ್ಪಾ ಕೀಳುತ್ತೀಯೆ?”

“ಕಳೆ ಅಮ್ಮಾ. ಬಿಟ್ಟರೆ ಹುಲ್ಲುಹಾಸಿಗೆ ನುಗ್ಗುತ್ತದೆ.”

“ನುಗ್ಗಲಿ ಬಿಡು. ನೀನು ಹಾಕಿದ್ದು ಸಾಯುತ್ತಿದೆ, ನೀನು ಕಿತ್ತಿದ್ದು ಬದುಕುತ್ತಿದೆ.”

ಉತ್ತರ ಹೊಳೆಯಲಿಲ್ಲ. ಅದೇ ಕ್ಷಾರದ ಮಣ್ಣು, ಅದೇ ಬಿಸಿಲು, ನೀರು ಹಾಕುವವರಿಲ್ಲ, ತುಳಿಯುವವರು ದಿನಕ್ಕೆ ನಲವತ್ತು ಸಲ. ಆದರೂ ಕಲ್ಲಿನ ಸಂದಿಯ ಗರಿಕೆ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಬಿಸಿ ಹವೆಯ ನಾಡುಗಳಲ್ಲಿ ಆಟದ ಮೈದಾನಗಳಿಗೂ ಗಾಲ್ಫ್ ಅಂಕಣಗಳಿಗೂ ಬರ್ಮುಡಾ ಎಂಬ ಹೆಸರಿನಲ್ಲಿ ಹಾಸುವ ಹುಲ್ಲು ಇದೇ ಗರಿಕೆ ಅಥವಾ ಇದರ ಮಿಶ್ರತಳಿ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಪರಿಚಿತನಿಗೆ ಮರ್ಯಾದೆ ಕಡಿಮೆ, ಅಷ್ಟೇ.

ಗರಿಕೆಯ ದೌರ್ಬಲ್ಯಗಳನ್ನೂ ಬರೆದುಕೊಂಡೆ. ನೆರಳು ಅದಕ್ಕೆ ಆಗದು. ಆರೇಳು ಗಂಟೆ ಬಿಸಿಲಿಲ್ಲದ ಕಡೆ ತೆಳ್ಳಗಾಗಿ ಸೊರಗುತ್ತದೆ. ನೆಲದ ಮೇಲೆ ಬಳ್ಳಿ, ನೆಲದೊಳಗೆ ಅಡ್ಡ ಹರಿಯುವ ಕಾಂಡ, ಎರಡೂ ದಾರಿಯಲ್ಲಿ ಹರಡುವುದರಿಂದ ಹೂವಿನ ಪಾತಿಗೆ ಅದು ಶತ್ರು. ನಾಡ ಗರಿಕೆ ಮಿಶ್ರತಳಿಗಿಂತ ಒರಟು, ಕತ್ತರಿಸದೆ ಬಿಟ್ಟರೆ ತೆನೆ ಬಿಟ್ಟು ಕೂರುತ್ತದೆ. ರತ್ನಗಂಬಳಿ ಬೇಕೆನ್ನುವವರಿಗೆ ಇದು ಹಿಡಿಸಲಾರದು. ನನಗೆ ಬೇಕಿದ್ದದ್ದು ಸಾಯದ ಹುಲ್ಲು.

ಹೀಗೆ ಹಂಚಿಕೆ ಆಯಿತು: ಬಿಸಿಲಿನ 400 ಅಡಿಗೆ ಗರಿಕೆ. ಗೋಡೆಯ ಪಕ್ಕಕ್ಕೆ ಹಳೆಯ ಹಾಸಿನಲ್ಲಿ ಬದುಕುಳಿದಿದ್ದ ಜೋಯ್ಸಿಯಾ ತುಂಡುಗಳು, ಏಕೆಂದರೆ ಅದು ಅರೆನೆರಳನ್ನು ತಡೆದುಕೊಳ್ಳುತ್ತದೆ. ಮರದ ಕೆಳಗೆ ಹುಲ್ಲೇ ಇಲ್ಲ. ಅಲ್ಲಿ ಮರದ ಬೇರೂ ನೀರು ಕುಡಿಯುತ್ತದೆ, ಎಲೆಯೂ ಬಿಸಿಲು ಕುಡಿಯುತ್ತದೆ. ಹುಲ್ಲಿಗೆ ಉಳಿಯುವುದೇನು? ತೊಗಟೆಯ ಚೂರುಗಳನ್ನು ಮೂರು ಅಂಗುಲ ಹರಡಿ, ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಟ್ಟು, ಕುರ್ಚಿ ಹಾಕಿದೆ. ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಅತ್ಯಂತ ಬುದ್ಧಿವಂತ ತೀರ್ಮಾನ ಇದೇ ಇರಬೇಕು.

ಗರಿಕೆ ಬೇಕಲ್ಲ? ಹಿತ್ತಲಿನ ಮೂಲೆಯಲ್ಲಿ 3 ಅಡಿ ಅಗಲ, 6 ಅಡಿ ಉದ್ದದ ಮಡಿ ಮಾಡಿ, ಕಾಲುದಾರಿಯಿಂದ ಕಿತ್ತ ಬಳ್ಳಿಗಳನ್ನೆಲ್ಲ ಅಲ್ಲಿ ನೆಟ್ಟೆ. ಅಂಗಳದ ಮಣ್ಣು ಸಿದ್ಧವಾಗುವಷ್ಟರಲ್ಲಿ ಅದು ಗಿಜಿಗುಟ್ಟುವಷ್ಟು ಬೆಳೆಯಿತು.

ಮೂರರಿಂದ ಎಂಟನೆಯ ವಾರ: ಮಣ್ಣು

ಹುಲ್ಲುಹಾಸಿನ ಕೆಲಸದಲ್ಲಿ ಹತ್ತರಲ್ಲಿ ಎಂಟು ಪಾಲು ಇದೇ. ಕೂಲಿಗೆ ಒಬ್ಬರು ಬಂದರು. ಪಿಕಾಸಿಯಿಂದ ಎರಡು ಏಟು ಹಾಕಿ, ನಿಂತು, “ಸ್ವಾಮಿ, ಇಲ್ಲಿ ಮಣ್ಣು ಎಲ್ಲಿದೆ ತೋರಿಸಿ, ಅಗೆಯುತ್ತೇನೆ” ಎಂದರು. ಎಂಟು ಅಂಗುಲ ಆಳದವರೆಗೆ ಅಗೆದು ಜರಡಿ ಹಿಡಿದೆವು. ಗಾರೆಯ ಹೆಂಟೆಗಳನ್ನು ಒಂದೂ ಬಿಡದೆ ಆರಿಸಿದೆವು. ಬಾಂಡ್ಲಿ ಲೆಕ್ಕ ನೂರು ದಾಟಿದ ಮೇಲೆ ಎಣಿಸುವುದನ್ನು ನಿಲ್ಲಿಸಿದೆ.

ಇಲ್ಲಿ ಒಂದು ತಪ್ಪು ಮಾಡಿದೆ. ನಡುವೆ ಒಂದು ರಾತ್ರಿ ಜೋರು ಮಳೆ ಬಂತು. ಮರುದಿನ ಮಣ್ಣು ಮೆತ್ತಗಿದೆ, ಕೆಲಸ ಹಗುರ ಎಂದುಕೊಂಡು ಒಂದು ಮೂಲೆಯನ್ನು ಅಗೆದೆ. ಒದ್ದೆ ಜೇಡಿಯನ್ನು ತುಳಿದು ತಿರುವಿದರೆ ಅದರ ಕಣಗಳ ನಡುವಿನ ಗಾಳಿಯೆಲ್ಲ ಹೊರಟುಹೋಗುತ್ತದೆ. ಮೂರು ದಿನದ ಬಿಸಿಲಿಗೆ ಆ ಮೂಲೆ ಹಸಿ ಇಟ್ಟಿಗೆಯ ಗೂಡಾಯಿತು. ಹೆಂಟೆಗಳನ್ನು ಮತ್ತೆ ನೆನೆಸಿ, ಅರೆ ಆರಲು ಬಿಟ್ಟು, ಕೈಯಲ್ಲಿ ಹಿಂಡಿದರೆ ಉಂಡೆಯಾಗಿ ಬೆರಳಿನಿಂದ ತಟ್ಟಿದರೆ ಪುಡಿಯಾಗುವ ಹದಕ್ಕೆ ಕಾಯಬೇಕಾಯಿತು. ಈಗ ಆ ಹದವಿಲ್ಲದೆ ಗುದ್ದಲಿ ಮುಟ್ಟುವುದಿಲ್ಲ.

ಜೇಡಿಗೆ ಮರಳು ಬೆರೆಸಿ ಎಂಬ ಸಲಹೆ ಬೇಕಾದಷ್ಟು ಸಿಕ್ಕಿತು. ಸ್ವಲ್ಪ ಮರಳು ಬೆರೆಸಿದರೆ ಜೇಡಿ ಅದರ ಸಂದುಗಳನ್ನೆಲ್ಲ ತುಂಬಿಕೊಂಡು ಇನ್ನೂ ಗಟ್ಟಿಯಾಗುತ್ತದೆ. ಮಣ್ಣಿನ ಗುಣ ಬದಲಾಗಬೇಕಾದರೆ ಜೇಡಿಗಿಂತ ಮರಳೇ ಎಷ್ಟೋ ಹೆಚ್ಚಿರಬೇಕು, ಅಷ್ಟು ಸುರಿಯುವುದೆಂದರೆ ಹೊಸ ಅಂಗಳ ಮಾಡಿದಂತೆ. ನಾನು ಹಾಕಿದ್ದು ಚೆನ್ನಾಗಿ ಕೊಳೆತ ಕಾಂಪೋಸ್ಟ್ ಮಾತ್ರ. 510 ಚದರ ಅಡಿಗೆ ಎರಡು ಅಂಗುಲ ದಪ್ಪ, ಅಂದರೆ 85 ಘನ ಅಡಿ. ಮೇಲಿನ ಆರು ಅಂಗುಲಕ್ಕೆ ತಿರುವಿ ಬೆರೆಸಿದೆವು. ರಸಸಾರ ಇಳಿಸಲು ಗಂಧಕ ಹಾಕುವ ದಾರಿಯಿದೆ. ಸುಣ್ಣ ತುಂಬಿದ ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಹಿಡಿಯುವ ಕೆಲಸವೆಂದು ಬಿಟ್ಟೆ.

ಇಳಿಜಾರು ನೂರಕ್ಕೆ ಒಂದರಂತೆ. 30 ಅಡಿ ಉದ್ದಕ್ಕೆ ಮನೆಯ ಕಡೆಯಿಂದ ಚರಂಡಿಯ ಕಡೆಗೆ ಮೂರೂವರೆ ಅಂಗುಲ ಇಳಿಯಬೇಕು. ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ ಎರಡು ತುದಿಯ ಮಟ್ಟ ಗುರುತಿಸಿ ದಾರ ಕಟ್ಟಿದೆ, ನಡುವೆ ರಸಮಟ್ಟ ಇಟ್ಟು ನೋಡಿದೆ. ಕಣ್ಣಳತೆಯನ್ನು ನಂಬಬಾರದು. ನನ್ನ ಕಣ್ಣಿಗೆ ಸಮವಾಗಿ ಕಂಡಿದ್ದ ಜಾಗದಲ್ಲಿ ಎರಡು ಅಂಗುಲದ ತಗ್ಗಿತ್ತು.

ನೆಡುವ ಮೊದಲು ಒಂದು ಮೋಸದಾಟ. ಹದ ಮಾಡಿದ ಮಣ್ಣಿಗೆ ನೀರು ಹಾಯಿಸಿ ಹತ್ತು ದಿನ ಸುಮ್ಮನೆ ಬಿಟ್ಟೆ. ಮಣ್ಣಿನಲ್ಲಿ ಕಾಯುತ್ತಿದ್ದ ಕಳೆಬೀಜಗಳೆಲ್ಲ ತಮ್ಮ ಕಾಲ ಬಂತೆಂದು ಮೊಳೆತವು. ಮಣ್ಣನ್ನು ಆಳಕ್ಕೆ ಕದಡದೆ ಮೇಲ್ಪದರವನ್ನಷ್ಟೇ ಕೆರೆದು ಒಣಗಿಸಿದೆ. ಮತ್ತೆ ನೀರು, ಮತ್ತೆ ಹತ್ತು ದಿನ, ಮತ್ತೆ ಕೆರೆತ. ಎರಡನೆಯ ಸುತ್ತಿನಲ್ಲಿ ಮೊಳೆತದ್ದು ಮೊದಲಿನ ಕಾಲುಭಾಗವೂ ಇರಲಿಲ್ಲ.

ಸೋಲದವನು ಕೊನ್ನಾರಿ ಒಬ್ಬನೇ. ಜೇಕು ಎಂದೂ ಕರೆಯುವ ಇದು ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ. ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿದರೆ ಮೂರು ಮೂಲೆ ತಟ್ಟನೆ ಗೊತ್ತಾಗುತ್ತದೆ. ಎಳೆದು ಕಿತ್ತರೆ ಮೇಲಿನ ಗಿಡ ಬರುತ್ತದೆ, ಕೆಳಗೆ ದಾರದಲ್ಲಿ ಪೋಣಿಸಿದ ಮಣಿಗಳಂತಿರುವ ಗಡ್ಡೆಗಳು ಉಳಿಯುತ್ತವೆ. ದಾರ ತುಂಡಾದೊಡನೆ ಮಲಗಿದ್ದ ಗಡ್ಡೆಗಳೂ ಎದ್ದು ಚಿಗುರುತ್ತವೆ. ಹಾಗಾಗಿ ಐದಾರು ಎಲೆ ಬರುವ ಮೊದಲೇ, ಕೈತೋಡುಗದಿಂದ ಗಡ್ಡೆಯ ಸಮೇತ ಎಬ್ಬಿಸಬೇಕು, ಮತ್ತೆ ಬಂದರೆ ಮತ್ತೆ ಎಬ್ಬಿಸಬೇಕು. ಅದು ಗಡ್ಡೆಯಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿಸುತ್ತಾ ದಿವಾಳಿ ಮಾಡಿಸುವುದೊಂದೇ ಉಪಾಯ.

ಒಂಬತ್ತನೆಯ ವಾರ: ನಾಟಿ

ಮಡಿಯ ಗರಿಕೆಯನ್ನು ಬುಡಸಮೇತ ಎಬ್ಬಿಸಿ, ಮಣ್ಣು ಕೊಡವಿ, ಎರಡು ಮೂರು ಗಿಣ್ಣುಗಳಿರುವ ಗೇಣುದ್ದದ ತುಂಡುಗಳನ್ನಾಗಿ ಮಾಡಿದೆವು. ಆರು ಅಂಗುಲಕ್ಕೊಂದು ಸಾಲು, ಸಾಲಿನಲ್ಲಿ ಆರು ಅಂಗುಲಕ್ಕೊಂದು ತುಂಡು. 400 ಚದರ ಅಡಿಗೆ 1,600 ತುಂಡುಗಳು. ಎರಡು ಅಂಗುಲ ಆಳದ ಸಾಲು ತೆಗೆದು, ತುಂಡನ್ನು ಓರೆಯಾಗಿ ಮಲಗಿಸಿ, ಮೂರನೆಯ ಒಂದು ಭಾಗ ಮೇಲೆ ಕಾಣುವಂತೆ ಬಿಟ್ಟು ಮಣ್ಣು ಮುಚ್ಚಿ, ಪಾದದಿಂದ ಒತ್ತಿ ನಡೆಯಬೇಕು. ಒತ್ತದಿದ್ದರೆ ಗಿಣ್ಣಿಗೂ ಮಣ್ಣಿಗೂ ನಡುವೆ ಗಾಳಿ ಉಳಿದು ಬೇರು ಬರುವುದಿಲ್ಲ. ಇಬ್ಬರಿಗೆ ಎರಡು ದಿನ ಹಿಡಿಯಿತು, ಸೊಂಟಕ್ಕೆ ನಾಲ್ಕು ದಿನ.

ಮೊದಲ ದಿನ ಮಧ್ಯಾಹ್ನ ಊಟಕ್ಕೆ ಹೋಗುವಾಗ ತುಂಡುಗಳ ಒಂದು ರಾಶಿಯನ್ನು ಒದ್ದೆ ಗೋಣಿಯಿಂದ ಮುಚ್ಚುವುದನ್ನು ಮರೆತೆ. ಮುಕ್ಕಾಲು ಗಂಟೆ ಬಿಸಿಲಿಗೆ ತುದಿಗಳು ಬೂದುಬಣ್ಣಕ್ಕೆ ತಿರುಗಿ ನಿರಿಗೆಗಟ್ಟಿದ್ದವು. ಗರಿಕೆಗೆ ಏನಾಗುತ್ತದೆ ಎಂಬ ಧೈರ್ಯದಿಂದ ಅವನ್ನೂ ನೆಟ್ಟೆ. ಆ ಮೂಲೆಯ ನಾಲ್ಕು ಅಡಿ ಜಾಗದಲ್ಲಿ ಒಂದೂ ಚಿಗುರಲಿಲ್ಲ. ಬೇರೂರಿದ ಗರಿಕೆ ಬರಗಾಲವನ್ನು ದಾಟುತ್ತದೆ. ಕೈಯಲ್ಲಿರುವ ಗರಿಕೆಗೆ ಒಂದು ಮಧ್ಯಾಹ್ನ ಸಾಕು.

ಜೋಯ್ಸಿಯಾವನ್ನು ಎರಡು ಅಂಗುಲದ ಬಿಲ್ಲೆಗಳನ್ನಾಗಿ ಕತ್ತರಿಸಿದೆ. ಈ ಸಲ ತಳದಲ್ಲಿ ಹೆಣೆದುಕೊಂಡಿದ್ದ ಬೇರಿನ ಬಲೆಯನ್ನು ಚಾಕುವಿನಿಂದ ಸೀಳಿ, ನುಣುಪು ಮಣ್ಣನ್ನು ತೊಳೆದು ತೆಗೆದು ನೆಟ್ಟೆ. ಅದು ಸ್ವಭಾವತಃ ನಿಧಾನಿ, ಕೂಡಿಕೊಳ್ಳಲು ತಿಂಗಳುಗಳೇ ಬೇಕು.

ಹೂವಿನ ಪಾತಿಯ ಗಡಿಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಯನ್ನು ಆರು ಅಂಗುಲ ಆಳಕ್ಕೆ ಹೂತು, ಒಂದು ಅಂಗುಲ ಮೇಲೆ ಬಿಟ್ಟೆ. ನೆಲದೊಳಗಿನ ದಾರಿ ಬಹುಮಟ್ಟಿಗೆ ಮುಚ್ಚಿತು.

ಮೊದಲ ಎರಡು ವಾರ ದಿನಕ್ಕೆ ಮೂರು ನಾಲ್ಕು ಸಲ, ಮೇಲ್ಮಣ್ಣು ಆರದಷ್ಟು, ತುಂತುರು ನೀರು. ಆಮೇಲೆ ದಿನಕ್ಕೊಂದು ಸಲ, ನಂತರ ಎರಡು ದಿನಕ್ಕೊಮ್ಮೆ, ಪ್ರತಿ ಸಲವೂ ಮೊದಲಿಗಿಂತ ಆಳಕ್ಕೆ. ಇಪ್ಪತ್ತನೆಯ ದಿನ ಒಂದು ಬಳ್ಳಿಯ ತುದಿಗೆ ಕಡ್ಡಿ ಚುಚ್ಚಿ ಗುರುತು ಮಾಡಿದೆ. ನಾಲ್ಕು ದಿನ ಬಿಟ್ಟು ನೋಡಿದರೆ ತುದಿ ಕಡ್ಡಿಯನ್ನು ಮೂರು ಬೆರಳು ದಾಟಿ ಹೋಗಿತ್ತು, ಹಿಂದೆ ಬಿಟ್ಟ ಗಿಣ್ಣಿನಿಂದ ಸೂಜಿಯಂಥ ಬಿಳಿ ಬೇರು ಮಣ್ಣಿಗೆ ಇಳಿಯುತ್ತಿತ್ತು. ಎರಡು ಹುಲ್ಲುಹಾಸು ಕೊಂದವನಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಅಮ್ಮನನ್ನೂ ಕರೆದು ತೋರಿಸಿದೆ. “ಹೂಂ” ಎಂದರು.

ಹದಿನಾಲ್ಕನೆಯ ವಾರ: ಮೊದಲ ಕತ್ತರಿ

ಹುಲ್ಲು ಮೂರು ಅಂಗುಲ ಆದಾಗ ಎರಡಕ್ಕೆ ಇಳಿಸಿದೆ. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಎಲೆಯೇ ಅದರ ಅಡುಗೆಮನೆ, ಅರ್ಧ ಕೆಡವಿದರೆ ಬೇರಿಗೆ ಉಪವಾಸ. ಆಮೇಲೆ ನಿಧಾನವಾಗಿ ಒಂದೂವರೆ ಅಂಗುಲಕ್ಕೆ ತಂದು ಅಲ್ಲೇ ನಿಲ್ಲಿಸಿದ್ದೇನೆ. ಗರಿಕೆ ಅಡ್ಡಕ್ಕೆ ಹರಡಬೇಕಾದರೆ ಆಗಾಗ ತಲೆ ಕತ್ತರಿಸುತ್ತಿರಬೇಕು. ಉದುರಿದ ಚೂರುಗಳನ್ನು ಅಲ್ಲೇ ಬಿಡುತ್ತೇನೆ, ಸಣ್ಣದಾಗಿದ್ದರೆ ಕೊಳೆತು ಗೊಬ್ಬರವಾಗುತ್ತವೆ.

ಮರುದಿನ ಇಡೀ ಹಾಸಿನ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಛಾಯೆ. ರೋಗ ಬಂತೆಂದು ಎದೆ ಧಸಕ್ಕೆಂದಿತು. ಒಂದು ಎಲೆ ಕಿತ್ತು ನೋಡಿದರೆ ತುದಿ ಕತ್ತರಿಸಿದ ಹಾಗಿರಲಿಲ್ಲ, ಹಲ್ಲಿನಿಂದ ಹರಿದ ಹಾಗೆ ನಾರುನಾರಾಗಿತ್ತು. ಹುಲ್ಲು ಕತ್ತರಿಸುವ ಯಂತ್ರದ ಅಲಗು ಮೊಂಡಾಗಿತ್ತು. ಪ್ಲಗ್ ಕಿತ್ತು, ಅಲಗು ಬಿಚ್ಚಿ, ಬಿಗಿಹಿಡಿಯುವ ಇಕ್ಕಳಕ್ಕೆ ಸಿಕ್ಕಿಸಿ, ಅರದಿಂದ ಮೊದಲಿದ್ದ ಓರೆಯಲ್ಲೇ, ಒಂದೇ ದಿಕ್ಕಿಗೆ ಉಜ್ಜಿದೆ. ಎರಡೂ ಬದಿಗೆ ಸಮನಾಗಿ ಎಣಿಸಿ ನಲವತ್ತು ನಲವತ್ತು ಸಲ. ನಡುವಿನ ತೂತನ್ನು ಗೋಡೆಯ ಮೊಳೆಗೆ ನೇತುಹಾಕಿದಾಗ ಎಡಬದಿ ಬಾಗಿತು. ಎಡಬದಿಯ ತುದಿಯಲ್ಲಿ ಇನ್ನೂ ಸ್ವಲ್ಪ ಉಜ್ಜಿ ತೂಕ ಸಮ ಮಾಡಿದೆ, ಇಲ್ಲದಿದ್ದರೆ ಯಂತ್ರ ನಡುಗಿ ಮೋಟಾರಿನ ಬೇರಿಂಗ್ ತಿನ್ನುತ್ತದೆ. ಎರಡು ಸಲ ಕತ್ತರಿಸುವಷ್ಟರಲ್ಲಿ ಬೂದಿ ಮಾಯ.

ನೀರು, ಗೊಬ್ಬರ, ಒಂದು ಕಲೆ

ಬೇರೂರಿದ ಮೇಲೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಎಂಬ ಲೆಕ್ಕ ಇಟ್ಟುಕೊಂಡೆ, ಮಳೆಯನ್ನೂ ಸೇರಿಸಿ. ಒಂದು ಚದರ ಮೀಟರಿಗೆ 25 ಲೀಟರ್. ನನ್ನ 47 ಚದರ ಮೀಟರಿಗೆ ಹತ್ತಿರ ಹತ್ತಿರ 1,175 ಲೀಟರ್. ತುಂತುರು ಯಂತ್ರ ಎಷ್ಟು ಸುರಿಸುತ್ತದೆ ಎಂದು ತಿಳಿಯಲು ಒಂದೇ ಅಳತೆಯ ಆರು ಡಬ್ಬಗಳನ್ನು ಅಲ್ಲಲ್ಲಿ ಇಟ್ಟು 20 ನಿಮಿಷ ಬಿಟ್ಟೆ. ಒಂದರಲ್ಲಿ 4 ಮಿಲಿಮೀಟರ್, ಇನ್ನೊಂದರಲ್ಲಿ 11. ಒಂದೇ ಅಂಗಳದಲ್ಲಿ ಬರಗಾಲ ಮತ್ತು ನೆರೆ! ಯಂತ್ರದ ಜಾಗ ಎರಡು ಸಲ ಬದಲಿಸಿದ ಮೇಲೆ ಎಲ್ಲದರಲ್ಲೂ ಏಳೆಂಟಕ್ಕೆ ಬಂದು ನಿಂತಿತು. ಅಂದರೆ ವಾರಕ್ಕೆ ಎರಡು ಸಲ, ತಲಾ 35 ನಿಮಿಷ, ನಸುಕಿನಲ್ಲಿ. ರಾತ್ರಿ ಹಾಕಿದರೆ ಎಲೆ ಬೆಳಗಿನವರೆಗೆ ಒದ್ದೆಯಾಗಿದ್ದು ಶಿಲೀಂಧ್ರಕ್ಕೆ ಹಾಸಿಗೆ ಹಾಸಿಕೊಟ್ಟಂತೆ.

ತಳವಿಲ್ಲದ ಡಬ್ಬದ ಪರೀಕ್ಷೆಯನ್ನೂ ಮತ್ತೆ ಮಾಡಿದೆ. ಐದು ಗಂಟೆ ಹಿಡಿದಿದ್ದ ಒಂದು ಅಂಗುಲ ನೀರು ಈಗ 50 ನಿಮಿಷದಲ್ಲಿ ಇಂಗಿತು. ಯಂತ್ರ ಗಂಟೆಗೆ 22 ಮಿಲಿಮೀಟರ್ ಸುರಿಸುತ್ತದೆ, ನೆಲ 30 ಮಿಲಿಮೀಟರ್ ಕುಡಿಯುತ್ತದೆ. ಚರಂಡಿಗೆ ಈಗ ಪಾಲಿಲ್ಲ.

ಗಡಿಯಾರವನ್ನೇ ಪೂರ್ತಿ ನಂಬುವುದಿಲ್ಲ. ಸಂಜೆ ಹುಲ್ಲಿನ ಮೇಲೆ ನಡೆದು ಹಿಂದಿರುಗಿ ನೋಡುತ್ತೇನೆ. ಹೆಜ್ಜೆಯ ಗುರುತು ಕೂಡಲೇ ಎದ್ದು ನಿಂತರೆ ನೀರು ಬೇಡ. ಗುರುತು ಹಾಗೆಯೇ ಉಳಿದು, ಹಸಿರು ನೀಲಿಬೂದಿಗೆ ತಿರುಗಿದ್ದರೆ ಮರುದಿನ ನಸುಕಿಗೆ ನೀರು.

ಗೊಬ್ಬರಕ್ಕೆ ಈ ಸಲ ತಕ್ಕಡಿ ಹಿಡಿದೆ. ಬೆಳೆದ ಹುಲ್ಲಿಗೆ ಒಂದು ಸಲಕ್ಕೆ ಚದರ ಮೀಟರಿಗೆ 5 ಗ್ರಾಂ ಸಾರಜನಕ ಸಾಕು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಹಾಗಾಗಿ ಇಡೀ ಅಂಗಳಕ್ಕೆ ಅರ್ಧ ಕೆಜಿ. ಹೊಸ ಹುಲ್ಲಾದ್ದರಿಂದ ಅದರ ಅರ್ಧ, 250 ಗ್ರಾಂ, ಒಣಮರಳಿನಲ್ಲಿ ಬೆರೆಸಿ ಎರಡು ಪಾಲು ಮಾಡಿ, ಒಂದು ಪಾಲು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಎರಚಿ ಕೂಡಲೇ ನೀರು ಕೊಟ್ಟೆ. ಪಟ್ಟೆಗಳಿಲ್ಲ.

ಗೋಡೆಯ ಪಕ್ಕದ ಜೋಯ್ಸಿಯಾದಲ್ಲಿ ಮತ್ತೆ ಆ ಗೆರೆ ಗೆರೆ ಹಳದಿ ಕಾಣಿಸಿತು. ಸುಣ್ಣದ ಗೋಡೆಯಲ್ಲವೇ. ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಲೀಟರಿಗೆ 5 ಗ್ರಾಂನಂತೆ ಕರಗಿಸಿ ಇಳಿಹೊತ್ತಿನಲ್ಲಿ ಎಲೆಗೆ ಸಿಂಪಡಿಸಿದೆ. ಕೆಲವೇ ದಿನಗಳಲ್ಲಿ ಹಸಿರು ತಿರುಗಿತು. ತಿರುಗದೆ ಉಳಿದದ್ದು ಕಾಲುದಾರಿಯ ಕಲ್ಲುಗಳು. ಹನಿ ಬಿದ್ದಲ್ಲೆಲ್ಲ ತುಕ್ಕಿನ ಕಲೆ, ಯಾವ ಸೋಪಿಗೂ ಜಗ್ಗಲಿಲ್ಲ. ಸಿಂಪಡಿಸುವ ಮೊದಲು ಕಲ್ಲಿನ ಮೇಲೆ ಗೋಣಿ ಹಾಸಿ, ಬಿದ್ದರೆ ಆರುವ ಮುನ್ನ ನೀರು ಸುರಿಯಿರಿ. ಬಂದವರು ಆ ಕಲೆಯನ್ನೇ ಮೊದಲು ನೋಡಿ ಕೇಳುತ್ತಾರೆ, ಹುಲ್ಲನ್ನಲ್ಲ.

ಈಗ, ಏಳನೆಯ ತಿಂಗಳು

ಒಣಗಿದ ತುಂಡುಗಳನ್ನು ನೆಟ್ಟಿದ್ದ ಆ ಮೂಲೆಯೊಂದನ್ನು ಬಿಟ್ಟರೆ ಬಿಸಿಲಿನ ಭಾಗ ಪೂರ್ತಿ ಮುಚ್ಚಿದೆ. ಸ್ಕ್ರೂಡ್ರೈವರ್ ಹಿಡಿಕೆಯವರೆಗೆ ಇಳಿಯುತ್ತದೆ. ಜೋಯ್ಸಿಯಾ ಬಿಲ್ಲೆಗಳು ಇನ್ನೂ ಒಂದಕ್ಕೊಂದು ಕೈಚಾಚುತ್ತಿವೆ, ನಡುವೆ ಮಣ್ಣು ಕಾಣುತ್ತದೆ. ಕೊನ್ನಾರಿ ವಾರಕ್ಕೆ ಐದಾರು ತಲೆ ಎತ್ತುತ್ತದೆ, ಮೊದಲು ಬುಟ್ಟಿ ತುಂಬುತ್ತಿತ್ತು. ಗೇಟಿನಿಂದ ಬಾಗಿಲಿಗೆ ನಾವು ಅಡ್ಡಹಾಯುವ ಜಾಡಿನಲ್ಲಿ ಮಾತ್ರ ಮಣ್ಣು ಮತ್ತೆ ಗಟ್ಟಿಯಾಗುತ್ತಿದೆ. ಅಲ್ಲಿ ಟೊಳ್ಳು ಕೊಳವೆಗಳೇ ಹಲ್ಲುಗಳಾಗಿರುವ ಕವೆಗೋಲಿನಿಂದ ಮಣ್ಣಿನ ಬಿರಡೆಗಳನ್ನು ಎತ್ತಿ ತೆಗೆದು, ತೂತಿಗೆ ಕಾಂಪೋಸ್ಟ್ ಗುಡಿಸಿದ್ದೇನೆ. ಬರಿಯ ಮೊಳೆ ಚುಚ್ಚಿದರೆ ತೂತಿನ ಸುತ್ತಲಿನ ಮಣ್ಣು ಇನ್ನಷ್ಟು ಬಿಗಿಯುತ್ತದೆ. ಹಸಿರಿನ ಕೆಳಗೆ ಸತ್ತ ಬಳ್ಳಿಗಳ ಕಂದು ಪದರ ಗರಿಕೆಯಲ್ಲಿ ಬೇಗ ಕಟ್ಟುತ್ತದೆ. ಅರ್ಧ ಅಂಗುಲ ಮೀರಿದರೆ ನೀರು ಕೆಳಗಿಳಿಯದು. ನನ್ನದು ಸದ್ಯ ಕಾಲು ಅಂಗುಲ.

ಇವತ್ತು ಬೆಳಗ್ಗೆ ನೋಡುತ್ತೇನೆ, ಗರಿಕೆಯ ಒಂದು ಬಳ್ಳಿ ಪ್ಲಾಸ್ಟಿಕ್ ಪಟ್ಟಿಯನ್ನು ಹತ್ತಿ ಹೂವಿನ ಪಾತಿಯ ಕಡೆಗೆ ಆಗಲೇ ಒಂದು ಗೇಣು ಇಳಿದಿತ್ತು. ಗಿಣ್ಣಿನ ಕೆಳಗೆ ಕತ್ತರಿಸಿ, ಈ ಸಲ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೋಳಾಗಿ ಉಳಿದಿದ್ದ ಆ ನಾಲ್ಕು ಅಡಿಯ ಮೂಲೆಯಲ್ಲಿ ನೆಟ್ಟು ಬಂದೆ.